ಕಲಕದ ಚಹಾ

ಅಕ್ಟೋಬರ್ ೯, ೧೯೫೦

ಈ ಕಥೆಯನ್ನು ಮೊದಲು ಹೇಳಿದವಳು ನನ್ನಜ್ಜಿ ಅಗಾಫ್ಯಾ. ತ್ಸಾರನ ಕಾಲ, ನನ್ನ ಹಾಲುಹಲ್ಲು ಬೀಳುತ್ತಿದ್ದ ಚಳಿಗಾಲ. ಮಕ್ಕಳೆಲ್ಲ, ಮಲಗಲು ಜಾಗವಿರುವ ನಮ್ಮ ದೊಡ್ಡ ಇಟ್ಟಿಗೆ ಒಲೆಯ ಬೆನ್ನ ಮೇಲೆ ಒತ್ತಿಕೊಂಡು ಮಲಗಿದ್ದೆವು. ಒಬ್ಬ ಜಮೀನುದಾರನಿದ್ದನಂತೆ. ಅವನ ಗಾಡಿಯ ಗಂಟೆ ಕೇಳಿದ ಕೂಡಲೇ ಊರವರು ಟೋಪಿ ತೆಗೆಯಬೇಕು, ತೆಗೆಯದವನ ಬೆನ್ನಿಗೆ ಬಾರುಕೋಲು. ವರ್ಷ ಕಳೆದಂತೆ ಬಾರುಕೋಲು ಮೂಲೆ ಸೇರಿತು, ಗಂಟೆಯೊಂದೇ ಸಾಕಾಯಿತು. ಒಂದು ದಿನ ಗಂಟೆ ಕಳಚಿ ಬಿತ್ತು. ಯಾವನೋ ತಲೆಹರಟೆ ಅದನ್ನು ಮೇಕೆಯ ಕೊರಳಿಗೆ ಕಟ್ಟಿದ. ಮೇಕೆ ಬೇಲಿ ಬೇಲಿಯ ಎಲೆಕೋಸು ಮೇಯುತ್ತ ಬೀದಿಯಲ್ಲಿ ಹೋಯಿತು, ಊರಿಗೆ ಊರೇ ಟೋಪಿ ತೆಗೆದು ನಿಂತಿತು.

ಅಜ್ಜಿ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಜನ ಏನು ಮಾಡಿದರು ಎಂದು ಹೇಳದ ಕಥೆ ಬಾಲವಿಲ್ಲದ ಹಸು ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ಊರವರೆಲ್ಲ ಟೋಪಿಯನ್ನು ಮನೆಯಲ್ಲೇ ಬಿಟ್ಟು ಬರಿತಲೆಯಲ್ಲಿ ಹೊರಟರಂತೆ. ತೆಗೆಯಲು ಟೋಪಿ ಇದ್ದರೆ ತಾನೆ!

ಇವತ್ತು ಊಟದ ಮನೆಯಲ್ಲಿ ಬಾಯಿ ತಪ್ಪಿ ಈ ಕಥೆ ಹೇಳಿಬಿಟ್ಟೆ. ಎದುರಿಗೆ ಹೊಸದಾಗಿ ಬಂದಿರುವ ಯೆರ್ಮೊಲಾಯ್ ಫೊಮಿಚ್ ಎಂಬ ಪ್ರಾಣಿ ಕೂತಿತ್ತು. ಕುಂಬಳಕಾಯಿಯಂಥ ತಲೆ, ಒಂದು ಗುಂಡಿ ಕಡಿಮೆಯಾದ ಕೋಟು. ಉಳಿದವರು ನಕ್ಕರು. ಇವನು ಕಿವಿ ಕೆರೆದುಕೊಂಡ.

"ಅಗ್ನಿಯಾ ಸವೇಲ್ಯೆವ್ನಾ, ಒಂದು ಸಂಶಯ. ಗಂಟೆ ಕೇಳಿ ಟೋಪಿ ತೆಗೆದೋರು ಎಷ್ಟು ಜನ? ಪಕ್ಕದೋನು ತೆಗೆದದ್ದು ನೋಡಿ ತೆಗೆದೋರು ಎಷ್ಟು ಜನ?"

"ಮೇಕೇನ ಕೇಳಿ," ಎಂದೆ.

"ನೋಡೋಣವಂತೆ," ಎಂದ, ಮೇಕೆ ಇನ್ನೂ ಬದುಕಿದೆಯೇನೋ ಎಂಬ ಹಾಗೆ.

ಒಂದು ನಾಯಿ ಇನ್ನೊಂದು ನಾಯಿಯನ್ನು ನೋಡಿ ಕಲಿಯುತ್ತದೆಯೇ ಎಂದು ಪರೀಕ್ಷಿಸಲು ಈ ಮಹಾಶಯ ಬಂದಿದ್ದಾನಂತೆ. ವೆರೆಸೊವೊದ ಈ ಸಂಶೋಧನಾ ಕೇಂದ್ರದಲ್ಲಿ ನಾನು ಕೂದಲು ಬೆಳ್ಳಗೆ ಮಾಡಿಕೊಂಡಿದ್ದು ಯಾತಕ್ಕೆ? ಸದ್ದು, ಊಟ. ಸದ್ದು, ಊಟ. ಕೊನೆಗೆ ಊಟವಿಲ್ಲದಿದ್ದರೂ ಸದ್ದಿಗೇ ಜೊಲ್ಲು. ಇಷ್ಟೇ ಕಲಿಕೆ. ಇದರಲ್ಲಿ ಪಕ್ಕದವನನ್ನು ನೋಡುವುದು ಎಲ್ಲಿಂದ ಬಂತು? ನೋಡಿ ಕಲಿಯುತ್ತಾರೆ ಎನ್ನುವುದು ಅಡುಗೆಮನೆಯ ಮಾತು, ವಿಜ್ಞಾನವಲ್ಲ.

ಅಕ್ಟೋಬರ್ ೧೩

ನನ್ನ ಪ್ರಯೋಗದ ಗಂಟೆ ಸೀಳು ಬಿಟ್ಟಿತು. ಹೊಸದಕ್ಕೆ ಅರ್ಜಿ ಹಾಕಿದರೆ ಮುಂದಿನ ಶತಮಾನಕ್ಕೆ ಬರುತ್ತದೆ. ಈ ಬಂಗಲೆ ಹಿಂದೆ ಯಾರೋ ಶ್ರೀಮಂತರದು. ಅವರು ಬಿಟ್ಟುಹೋದ ದಪ್ಪ ಗಾಜಿನ ಜೋಡಿ ಹೂಜಿ ಸಭಾಂಗಣದ ಬೀರುವಿನಲ್ಲಿದ್ದವು. ಒಂದನ್ನು ಹೊತ್ತು ತಂದೆ. ಪೆನ್ಸಿಲ್ಲಿನ ತುದಿಯಿಂದ ಬಡಿದರೆ ಶುದ್ಧವಾದ ಸ್ವರ, ಬೇರೆಲ್ಲೂ ಕೇಳದಂಥದು. ನಾಯಿಗೆ ಅಂಥದೇ ಬೇಕು.

ಆಡಳಿತದ ಸ್ತುಪಿನ್ ಬಾಗಿಲಿಗೆ ಬಂದು ಗೊಣಗಿದ. "ಜೋಡಿ ಮುರಿದುಬಿಟ್ರಲ್ಲ ಕಾಮ್ರೇಡ್. ಸಭೆ ಮೇಜಿಗೆ ಒಂಟಿ ಹೂಜಿ ಇಡಬೇಕಾ ಈಗ?"

"ಒಂಟಿ ಹೂಜಿಗೆ ಒಂಟಿ ಅಧ್ಯಕ್ಷರು, ಸರಿಹೋಯ್ತು," ಎಂದೆ.

ಅವನಿಗೆ ನಗು ಬರುವುದಿಲ್ಲ, ಅದು ಮೇಲಿನಿಂದ ಅಪ್ಪಣೆಯಾಗಿ ಬರಬೇಕು. ಹೋಗುವಾಗ ನನ್ನ ನಾಯಿಯ ಹೆಸರಿನ ಬಗ್ಗೆಯೂ ಒಂದು ಮಾತು ಎಸೆದ. ಬಾರಿನ್ ಅಂದರೆ ಜಮೀನುದಾರ. ಸರ್ಕಾರಿ ನಾಯಿಗೆ ಅಂಥ ಹೆಸರು ತಕ್ಕದ್ದಲ್ಲವಂತೆ. ಆ ಬೂದುಬಣ್ಣದ ನಾಯಿ ಕುತ್ತಿಗೆ ಎತ್ತಿ ಕೂರುವ ಠೀವಿ ನೋಡಿದ್ದರೆ ಸ್ತುಪಿನ್ನನೇ ಎದ್ದು ನಿಂತು ಟೋಪಿ ತೆಗೆಯುತ್ತಿದ್ದ.

ಅಕ್ಟೋಬರ್ ೨೪

ಬಾರಿನ್ ಕಲಿಯುತ್ತಿದೆ. ಹೂಜಿ ಬಡಿಯುತ್ತೇನೆ, ಅದರ ಬಲಪಂಜ ಹಿಡಿದು ಎತ್ತುತ್ತೇನೆ, ಮಾಂಸದ ಪುಡಿ ಕೊಡುತ್ತೇನೆ. ಇವತ್ತು ನಾನು ಕೈ ಚಾಚುವ ಮೊದಲೇ ಪಂಜ ತಾನಾಗಿ ಎದ್ದಿತು.

ಸಂತೋಷಪಡೋಣವೆಂದರೆ ಆ ಫೊಮಿಚ್. ಅವನು ಚಹಾ ಕಲಕುವುದು ಕಲಕುವುದಲ್ಲ, ಬೆಂಕಿ ಬಿದ್ದ ಊರಿಗೆ ಎಚ್ಚರಿಕೆ ಕೊಡುವುದು. ಗಾಜಿನ ಲೋಟಕ್ಕೆ ಚಮಚ ಬಡಿದು ಟಿಣ್ ಟಿಣ್ ಟಿಣ್. ಊಟದ ಮನೆಯ ಸದ್ದು ಓಣಿ ದಾಟಿ ನಾಯಿಕೋಣೆಗೆ ಬರುತ್ತದೆ. ಬಾರಿನ್ ಖಾಲಿ ಗಾಳಿಗೆ ಪಂಜ ಎತ್ತಿಕೊಂಡು ಮಾಂಸಕ್ಕೆ ಕಾಯುತ್ತ ನಿಂತಿತ್ತು. ಇಲ್ಲಿ ನಾಯಿಯ ಮುಂದೆ ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಉಣ್ಣೆಬೂಟಿಲ್ಲದೆ ಕಾಲಿಡುವಂತಿಲ್ಲ. ನನಗಂತೂ ಈ ಮೌನ ಎಷ್ಟು ಮೈಗೂಡಿದೆಯೆಂದರೆ ನನ್ನ ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ ತುದಿಗಾಲಲ್ಲಿ ನಡೆಯುತ್ತೇನೆ. ಇವನು ಬಂದು ಚಮಚ ಬಡಿಯುತ್ತಾನೆ!

ಹೋಗಿ ಎಲ್ಲರೆದುರು ಹೇಳಿದೆ. "ಇನ್ನು ಮುಂದೆ ಈ ಕಟ್ಟಡದಲ್ಲಿ ನೀವು ಚಹಾ ಕಲಕೋ ಹಾಗಿಲ್ಲ."

"ಸಕ್ಕರೆ ತಳದಲ್ಲೇ ಉಳಿಯುತ್ತಲ್ಲ?"

"ಉಳೀಲಿ. ನಿಮ್ಮ ಬುದ್ಧಿಯೂ ಅಲ್ಲೇ ಉಳಿದಿದೆ."

ಅಡುಗೆಯ ಉಸ್ತಿನ್ಯಾ ಸೌಟು ಹಿಡಿದುಕೊಂಡು ಕಿಸಕ್ಕೆಂದಳು. ಇವನು ಕಿವಿ ಕೆರೆದುಕೊಂಡ, ಕಲಕದ ಚಹಾ ಕುಡಿದ, ಕೊನೆಯಲ್ಲಿ ತಳದ ಸಕ್ಕರೆಯನ್ನು ಚಮಚದಿಂದ ಕೆರೆದು ತಿಂದ. "ಹೀಗೂ ಚೆನ್ನಾಗೇ ಇದೆ. ಮೊದಲು ದುಃಖ, ಆಮೇಲೆ ಸುಖ," ಎಂದ.

ಬೈಸಿಕೊಂಡವನು ಸೊಟ್ಟ ಮುಖವನ್ನಾದರೂ ಮಾಡಬೇಡವೇ? ಇಂಥವರನ್ನು ತಿರಸ್ಕರಿಸುವುದಕ್ಕೂ ರುಚಿ ಇರುವುದಿಲ್ಲ.

ನವೆಂಬರ್ ೨

ಹೊಟ್ಟೆಯುರಿಯುವ ಸುದ್ದಿ. ಫೊಮಿಚ್ಚನ ಪ್ರಯೋಗಕ್ಕೆ ನನ್ನ ಕೋಣೆಯೇ ಬೇಕಂತೆ. ಬಾರಿನ್‌ನ ಪಕ್ಕ ತಂತಿಜಾಲರಿ, ಜಾಲರಿಯ ಆಚೆ ಅವನ ಕೆಂಪು ಕೂದಲಿನ ಹೆಣ್ಣುನಾಯಿ ಪೂಲ್ಯಾ. ಅದರ ಪಂಜವನ್ನು ಯಾರೂ ಮುಟ್ಟುವುದಿಲ್ಲ, ಮಾಂಸವನ್ನೂ ಕೊಡುವುದಿಲ್ಲ. ಸುಮ್ಮನೆ ಕೂತು ಬಾರಿನ್‌ನನ್ನು ನೋಡುವುದೇ ಅದರ ಉದ್ಯೋಗ. ಸಂಬಳ ಪಡೆಯುವ ಎಷ್ಟೋ ಜನರ ಕೆಲಸವೂ ಇದೇ ಎನ್ನಿ.

ಪೂಲ್ಯಾ ಆಕಳಿಸಿತು, ತನ್ನ ಬಾಲವನ್ನು ತಾನೇ ಕಚ್ಚಿತು, ನಿದ್ದೆ ಹೋಯಿತು. ಜಾಲರಿಯ ಹಿಂದೆ ಸ್ಟೂಲಿನ ಮೇಲೆ ಕೂತ ಫೊಮಿಚ್ಚನೂ ನಿದ್ದೆ ಹೋದ. ಕಂತೆಗೆ ತಕ್ಕ ಬೊಂತೆ.

ನವೆಂಬರ್ ೧೪

ಸ್ತುಪಿನ್ ಕರೆಸಿದ್ದ. ಮೇಜಿನ ಹಿಂದೆ ಕೂತರೆ ಅವನ ಕುತ್ತಿಗೆ ಮಾಯವಾಗುತ್ತದೆ. ನಾಯಿಯ ಜೊಲ್ಲಿನ ಪಾಠ ಹೇಳಿಕೊಟ್ಟ ಗುರು ಪಾವ್ಲೊವ್ ಅವರ ಗಡ್ಡದ ಪಟದ ಕೆಳಗೆ ಕೂತು, ಆ ಗಡ್ಡವೇ ತನ್ನದೆನ್ನುವ ಗತ್ತಿನಲ್ಲಿ ಮಾತಾಡಿದ.

"ಗುರುಗಳ ದಾರಿ ಬಿಟ್ಟೋರನ್ನ ಎಲ್ಲ ಕಡೆ ಗುರುತಿಸ್ತಿದ್ದಾರೆ. ನಮ್ಮಲ್ಲಿ ಯಾರೂ ಇಲ್ಲ ಅಂದ್ರೆ ಮೇಲಿನವರು ಏನಂದುಕೋತಾರೆ, ಹೇಳಿ."

"ಎಲ್ಲರೂ ದಾರೀಲೇ ಇದ್ದಾರೆ ಅಂದ್ಕೋತಾರೆ."

"ಹುಡುಕಿಲ್ಲ ಅಂದ್ಕೋತಾರೆ. ಈ ಫೊಮಿಚ್ಚನ ಅನುಕರಣೆ ಗಿನುಕರಣೆ ಎಲ್ಲ ಪರದೇಶದ ಸರಕು. ಡಿಸೆಂಬರಿನಲ್ಲಿ ಸಭೆ. ಭಾಷಣ ನಿಮ್ಮದು. ಒಂದೇ ಕೋಣೇಲಿ ಕೆಲಸ ಮಾಡ್ತೀರಿ, ನಿಮ್ಮ ಮಾತಿಗೆ ತೂಕ ಇರುತ್ತೆ. ಆಮೇಲೆ ಕೈ ಎತ್ತಿಸ್ತೀನಿ, ಮುಗೀತು."

ಒಪ್ಪಿಕೊಂಡೆ. ಸುಳ್ಳು ಹೇಳಬೇಕಾಗಿಲ್ಲವಲ್ಲ. ಅವನು ಮೂರ್ಖ ಎಂದು ನಾನು ಅಕ್ಟೋಬರಿನಿಂದ ಬಿಟ್ಟಿಗೇ ಹೇಳುತ್ತ ಬಂದಿದ್ದೇನೆ, ಈಗ ವೇದಿಕೆ ಹತ್ತಿ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.

ನವೆಂಬರ್ ೧೮

ಹೂಜಿ ಬಡಿದೆ. ಬಾರಿನ್ ಪಂಜ ಎತ್ತಿತು. ಜಾಲರಿಯ ಆಚೆ ಪೂಲ್ಯಾದ ಪಂಜವೂ ನೆಲ ಬಿಟ್ಟಂತೆ ಕಂಡಿತು.

ನೊಣ ಓಡಿಸಿರಬೇಕು. ಫೊಮಿಚ್ ಆಗ ಸೌದೆ ತರಲು ಹೋಗಿದ್ದ. ನಾನೇನೂ ಹೇಳಲಿಲ್ಲ. ನೊಣದ ವಿಷಯ ಹೇಳುವುದೇನಿದೆ.

ನವೆಂಬರ್ ೧೯

ಈ ಚಳಿಯಲ್ಲಿ ನೊಣ ಎಲ್ಲಿಂದ ಬರಬೇಕು. ಕಾಲು ಮರಗಟ್ಟಿತ್ತೇನೋ.

ನವೆಂಬರ್ ೨೩

ಇವತ್ತು ಮತ್ತೆ ಕಾಲು ಮರಗಟ್ಟಿತು. ಹೂಜಿಯ ಸದ್ದಾದ ಗಳಿಗೆಯಲ್ಲೇ ಮರಗಟ್ಟುವ ಕಾಲು. ಫೊಮಿಚ್ ಕೂತಿದ್ದ, ಆದರೆ ನೋಡಲಿಲ್ಲ. ಬಗ್ಗಿ ನನ್ನ ಉಣ್ಣೆಬೂಟಿನ ಹಿಮ್ಮಡಿ ಹೊಲಿಯುತ್ತಿದ್ದ. ಹೊಲಿಯಿರಿ ಎಂದು ನಾನು ಕೇಳಿರಲಿಲ್ಲ. ಅದು ತೂತಾಗಿದೆ, ಹೆಜ್ಜೆ ಸದ್ದಾಗುತ್ತದೆ, ನಾಯಿಗೆ ತೊಂದರೆ ಎಂದು ಅವನೇ ಸನ್ನೆಯಲ್ಲಿ ತೋರಿಸಿ ಕಿತ್ತುಕೊಂಡಿದ್ದ. ನಾನು ಒಂದು ಕಾಲಿಗೆ ಕಾಲುಚೀಲವಷ್ಟೇ ಹಾಕಿಕೊಂಡು ಕೊಕ್ಕರೆಯ ಹಾಗೆ ನಿಂತಿದ್ದೆ.

ವರ್ಷಗಟ್ಟಲೆ ಕಾಯುತ್ತಿರುವ ಸಂಗತಿ ಕಣ್ಣೆದುರೇ ನಡೆಯುತ್ತದೆ, ಇವನು ಬೂಟು ಹೊಲಿಯುತ್ತಾನೆ. ಇವನನ್ನು ಕೆಲಸದಿಂದ ತೆಗೆಯುವುದೇ ವಿಜ್ಞಾನಕ್ಕೆ ಸೇವೆ.

ಹೊಲಿಗೆ ಮಾತ್ರ ಗಟ್ಟಿಯಾಗಿದೆ.

ನವೆಂಬರ್ ೨೮

ಉಸ್ತಿನ್ಯಾಳ ಬಾಯಿಯಿಂದ ಎಲ್ಲ ಹೊರಬಿತ್ತು. ಬಟ್ಟಲಿಗೆ ಎಲೆಕೋಸಿನ ಸಾರು ಹಾಕುತ್ತ ನನ್ನನ್ನು ಕೆಣಕಲು ನಿಂತಳು.

"ಏನ್ ತಾಯಿ, ಭಾಷಣ ಬರೆದಾಯ್ತಾ? ಚೆನ್ನಾಗಿ ಬರೀ. ನಿನ್ನ ಬೂಟು ಹೊಲಿದ ಮನುಷ್ಯ."

"ಸಾರು ಹಾಕು."

"ಹಾಕ್ತೀನಿ, ಓಡಿ ಹೋಗಲ್ಲ ಸಾರು. ಆಯಪ್ಪನ್ನ ತೆಗೆದ್ರೆ ಈ ಊರಲ್ಲಿ ವಾಸ ಮಾಡೋ ಪರವಾನಗೀನೂ ಹೋಗುತ್ತೆ, ಗೊತ್ತಾ? ಕೋಣೇಲಿ ಕಣ್ಣು ಕಾಣದ ಅಮ್ಮ ಇದ್ದಾಳೆ. ಅಮ್ಮನ್ನ ಕರ್ಕೊಂಡು ಈ ಚಳಿಗಾಲದಲ್ಲಿ ಎಲ್ಲಿಗೆ ಹೋಗ್ತಾನೆ, ಉರಾಲ್ ಬೆಟ್ಟದ ಆಚೆಗಾ? ಆ ಕೆಂಪುನಾಯೀನ ಶಸ್ತ್ರಚಿಕಿತ್ಸೆಯೋರಿಗೆ ಕೊಡ್ತಾರಂತೆ, ತಲೆ ಕೊಯ್ಯೋಕೆ."

"ಯಾರು ಹೇಳಿದ್ರು?"

"ಸ್ತುಪಿನ್ನೇ. ಪಾಯಸ ಹೆಚ್ಚಿಗೆ ಹಾಕಿದ್ರೆ ಆಯಪ್ಪ ಎಲ್ಲಾನೂ ಹೇಳ್ತಾನೆ. ಅದಕ್ಕೆ ಗಂಟೆ ಗಿಂಟೆ ಏನೂ ಬೇಡ."

ಉಪ್ಪು ಕಡಿಮೆಯಾಗಿತ್ತು ಸಾರಿಗೆ. ಅರ್ಧ ಬಿಟ್ಟು ಎದ್ದು ಬಂದೆ.

ಓಣಿಯಲ್ಲಿ ಫೊಮಿಚ್ ಸಿಕ್ಕಿದ. ಸಭೆ ತನ್ನ ಮೇಲೇ ಎಂದು ಅವನಿಗೂ ಗೊತ್ತಿದೆ, ಗೊತ್ತಿಲ್ಲದಿರುವಷ್ಟು ಪೆದ್ದನಲ್ಲ. ಆದರೆ ಅವನು ಕೇಳಿದ್ದೇನು? "ನಿಮ್ಮ ಅಜ್ಜಿ ಕಥೆಯಲ್ಲಿ ಆ ಗಂಟೆ ಕೇಳಿಸದ ಕಿವುಡರು ಯಾರಾದ್ರೂ ಇದ್ರಾ? ಕಿವುಡ ಟೋಪಿ ತೆಗೆದಿದ್ರೆ ಅದು ಖಂಡಿತ ನೋಡಿ ತೆಗೆದದ್ದು, ಅಲ್ವಾ?"

"ನಿಮ್ಮ ಕೆಲಸ ಹೋಗುತ್ತೆ ಫೊಮಿಚ್. ಆಮೇಲೆ ಕಿವುಡರ ಬಗ್ಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತೆ."

"ಹೂಂ," ಎಂದ. ಕೋಟಿನ ಗುಂಡಿ ಇಲ್ಲದ ಜಾಗವನ್ನು ಬೆರಳಿನಿಂದ ಮುಚ್ಚಿಕೊಂಡ. "ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಬೇಕು."

ಮಾತು ಮಾತಿಗೂ "ನೋಡೋಣವಂತೆ" ಎನ್ನುವವನು ಇವತ್ತು ಮೊದಲ ಸಲ ಅನ್ನಲಿಲ್ಲ. ಅನ್ನಬಹುದಿತ್ತು. ಕಿವಿಗೆ ಏನೋ ಕಡಿಮೆಯಾದಂತಾಯಿತು.

ಡಿಸೆಂಬರ್ ೩

ಭಾಷಣ ಬರೆದೆ. ಸ್ತುಪಿನ್ ಓದಿ ಬಾಯಿ ಚಪ್ಪರಿಸಿದ. "ನಾಯಿಯು ನಾಯಿಯನ್ನು ನೋಡಿ ಕಲಿಯುವುದಿಲ್ಲವೆಂದು ನಾನು ಕಣ್ಣಾರೆ ಕಂಡಿದ್ದೇನೆ" ಎನ್ನುವ ವಾಕ್ಯದ ಕೆಳಗೆ ಗೆರೆ ಎಳೆದ. "ಇಲ್ಲಿ ಸ್ವಲ್ಪ ನಿಲ್ಲಿಸಿ, ನಾನು ಚಪ್ಪಾಳೆ ಶುರು ಮಾಡ್ತೀನಿ. ನಾನು ತಟ್ಟಿದ್ರೆ ಎಲ್ಲರೂ ತಟ್ತಾರೆ."

"ನಿಮ್ಮನ್ನ ನೋಡಿ?"

"ಮತ್ತೆ ಇನ್ನೇನ್ ನೋಡಿ?"

ಈ ಮನುಷ್ಯ ಅನುಕರಣೆಯೇ ಇಲ್ಲವೆಂದು ತೀರ್ಮಾನ ಮಾಡಿಸಲು ಹೊರಟಿದ್ದಾನೆ. ನಗಬೇಕೆನ್ನಿಸಿತು. ಇಷ್ಟು ವರ್ಷ ಸಭೆಯಲ್ಲಿ ನಾನು ಹೇಗೆ ಕೈ ಎತ್ತುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ಯತ್ನಿಸಿದೆ. ಅವನು ಪೆನ್ಸಿಲ್ಲಿನಿಂದ ಹೂಜಿ ಬಡಿಯುತ್ತಾನೆ, "ಪರವಾಗಿರುವವರು?" ಎನ್ನುತ್ತಾನೆ. ಕೈ ಏಳುವುದು ಬಡಿದಾಗಲೋ, ಕೇಳಿದಾಗಲೋ, ಮುಂದಿನ ಸಾಲಿನ ಕೈ ಎದ್ದಾಗಲೋ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನೋಡೋಣವಂತೆ.

ಡಿಸೆಂಬರ್ ೬

ಏನೂ ಇಲ್ಲ. ಚಳಿ. ಬಾರಿನ್ ಮತ್ತು ಪೂಲ್ಯಾ ಜಾಲರಿಯ ಎರಡೂ ಕಡೆ ಬೆನ್ನಿಗೆ ಬೆನ್ನು ಒತ್ತಿ ಮಲಗುತ್ತವೆ. ನನ್ನ ಕಿವಿ ಯಾಕೋ ತುರಿಸುತ್ತದೆ, ಕೆರೆದು ಕೆರೆದು ಕೆಂಪಾಗಿದೆ.

ಡಿಸೆಂಬರ್ ೮, ಸಂಜೆ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನಾಳೆ ಎಲ್ಲರೂ ಬಾಲ ಕಿವಿ ಸೇರಿಸಿ ಹೇಳುತ್ತಾರೆ.

ಮಧ್ಯಾಹ್ನ ಸಭೆಗೆ ಮೊದಲು ನಾಯಿಕೋಣೆಗೆ ಹೋದೆ. ಒಲೆ ಆರಿತ್ತು. ಮುಗಿದೇ ಹೋಯಿತಲ್ಲ, ಆ ಚಳಿಯಲ್ಲಿ ಬಿಟ್ಟರೆ ಪ್ರಯೋಗದ ನಾಯಿಗಳು ಸಾಯುತ್ತವೆ. ಅದಕ್ಕೇ ಬಾರಿನ್ ಮತ್ತು ಪೂಲ್ಯಾ ಎರಡನ್ನೂ ಹಗ್ಗ ಕಟ್ಟಿ ಸಭಾಂಗಣಕ್ಕೆ ತಂದೆ. ಅಲ್ಲಿ ದೊಡ್ಡ ಒಲೆ ಇದೆ. ಮೊದಲ ಸಾಲಿನ ತುದಿಗೆ, ಅಧ್ಯಕ್ಷರ ಮೇಜಿನ ಎದುರಿಗೇ ಆ ಒಲೆ ಇರುವುದು ನನ್ನ ತಪ್ಪಲ್ಲ. ಎರಡೂ ಶಿಸ್ತಾಗಿ ಕೂತವು. ಸ್ತುಪಿನ್ ಹುಬ್ಬೇರಿಸಿದ.

"ಇವು ಯಾಕೆ ಇಲ್ಲಿ?"

"ಸಾಕ್ಷಿಗಳು," ಎಂದೆ. ಅವನಿಗೆ ಆ ಉತ್ತರ ಹಿಡಿಸಿತು.

ಭಾಷಣ ಓದಿದೆ. ಒಂದಕ್ಷರ ಬಿಡಲಿಲ್ಲ. ಫೊಮಿಚ್ ಎರಡನೇ ಸಾಲಿನಲ್ಲಿ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಕೇಳುತ್ತಿದ್ದ, ಯಾರದೋ ವಿಷಯ ಕೇಳುವ ಹಾಗೆ. ಕೋಟಿಗೆ ಹೊಸ ಗುಂಡಿ ಹಾಕಿದ್ದ, ಬೇರೆ ಬಣ್ಣದ್ದು. ಕುರುಡಿ ಅಮ್ಮ ಹೊಲಿದುಕೊಟ್ಟಿರಬೇಕು. ಕಣ್ಣಾರೆ ಕಂಡಿದ್ದೇನೆ ಎನ್ನುವ ವಾಕ್ಯ ಬಂದಾಗ ನಿಲ್ಲಿಸಿದೆ. ಸ್ತುಪಿನ್ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ಫೊಮಿಚ್ಚನೂ ತಟ್ಟಿದ! ತನ್ನ ಗೋರಿಗೆ ತಾನೇ ಮಣ್ಣು ಹಾಕಿಕೊಳ್ಳುವುದೆಂದರೆ ಇದು.

ಸ್ತುಪಿನ್ ಎದ್ದ. ಯೆರ್ಮೊಲಾಯ್ ಫೊಮಿಚ್‌ನನ್ನು ಕೆಲಸದಿಂದ ತೆಗೆಯುವ ನಿರ್ಣಯ ಓದಿದ. ಪೆನ್ಸಿಲ್ ತೆಗೆದು ಹೂಜಿಗೆ ಬಡಿದ. ಅದೇ ಸ್ವರ. ಜೋಡಿಯಲ್ಲವೇ ಅವು.

"ಪರವಾಗಿರುವವರು?"

ಬಾರಿನ್ ಬಲಪಂಜ ಎತ್ತಿತು.

ಎಲ್ಲರಿಗಿಂತ ಮೊದಲು. ಕುತ್ತಿಗೆ ನೆಟ್ಟಗೆ, ದೃಷ್ಟಿ ಅಧ್ಯಕ್ಷರ ಮೇಲೆ, ಇಡೀ ಸಭೆಯಲ್ಲಿ ಅಷ್ಟು ಮನಸ್ಸಿಟ್ಟು ಮತ ಹಾಕಿದವರು ಬೇರೆ ಇರಲಿಲ್ಲ. ಅದರ ಪಕ್ಕದಲ್ಲಿ ಪೂಲ್ಯಾ ಒಮ್ಮೆ ಬಾರಿನ್‌ನತ್ತ ನೋಡಿ ತಾನೂ ಪಂಜ ಎತ್ತಿತು. ಯಾರೂ ಎಂದೂ ಮುಟ್ಟದ ಪಂಜ. ಮೇಲೇಳುತ್ತಿದ್ದ ಕೈಗಳೆಲ್ಲ ಅರ್ಧಕ್ಕೆ, ಭುಜದ ಎತ್ತರಕ್ಕೆ ನಿಂತವು.

ಫೊಮಿಚ್ ಎದ್ದು ನಿಂತು ಕೂಗಿದ. "ನೋಡಿದ್ರಾ! ಎತ್ತಿತು! ನಾನು ಕಲಿಸಿಲ್ಲ, ಯಾರೂ ಕಲಿಸಿಲ್ಲ! ಅಗ್ನಿಯಾ ಸವೇಲ್ಯೆವ್ನಾ, ನೋಡಿದ್ರಾ?" ತನ್ನನ್ನು ಹೊರಹಾಕಲು ಮತ ಎಣಿಸುತ್ತಿದ್ದಾರೆ ಎನ್ನುವುದೇ ಮರೆತುಹೋಗಿತ್ತು ಆ ಪೆದ್ದನಿಗೆ. ಕುಂಬಳಕಾಯಿ ತಲೆಯೆಲ್ಲ ಹೊಳೆಯುತ್ತಿತ್ತು.

ಹಿಂದಿನಿಂದ ಉಸ್ತಿನ್ಯಾಳ ದನಿ: "ಬಾರಿನ್ ಪರವಾಗಿದಾನೆ, ಬರ್ಕೊಳ್ಳಿ!"

ಯಾರೋ ಮೂಗಿನಲ್ಲಿ ನಕ್ಕರು. ಪಕ್ಕದವರು ನಕ್ಕರು. ಆಮೇಲೆ ಇಡೀ ಸಾಲು. ಅರ್ಧಕ್ಕೆ ನಿಂತ ಕೈಗಳು ಕಣ್ಣು ಒರೆಸಿಕೊಳ್ಳಲು ಇಳಿದವು. ಸ್ತುಪಿನ್ ಕೆಂಪಾದ.

"ನಿಶ್ಶಬ್ದ! ಮತ್ತೊಮ್ಮೆ!" ಎಂದು ಹೂಜಿ ಬಡಿದ. ಬಡಿಯದೆ ಅವನಿಗೆ ಬರುವುದೇ ಇಲ್ಲವಲ್ಲ. ಎರಡೂ ಪಂಜ ಮತ್ತೆ ಎದ್ದವು, ಈ ಸಲ ಜೊತೆಜೊತೆಯಾಗಿ. ಕವಾಯತಿನ ಸೈನಿಕರೂ ಅಷ್ಟು ಚೆನ್ನಾಗಿ ಮಾಡುವುದಿಲ್ಲ. ನಗುವಿಗೆ ಕಿಟಕಿ ಗಾಜು ನಡುಗಿತು.

ಕೊನೆಗೆ ಪೆನ್ಸಿಲ್ ಬದಿಗಿಟ್ಟು, ಬರಿಯ ಬಾಯಲ್ಲಿ ಕೇಳಿದ. "ಪರವಾಗಿರುವವರು." ನಗು ನಿಂತಿತು. ಎಲ್ಲರೂ ಎಲ್ಲರ ಮುಖ ನೋಡಿದರು. ಮೊದಲ ಕೈಗೆ ಕಾಯುತ್ತಿದ್ದರು. ನಾಯಿಯ ನಂತರ ಎತ್ತುವ ಆ ಮೊದಲ ಕೈ ಯಾರದಾಗಬೇಕು? ಸ್ತುಪಿನ್‌ನ ಕೈಯೊಂದೇ ಮೇಲಿತ್ತು. ಅವನು ನನ್ನನ್ನು ನೋಡಿದ. ನನ್ನ ಬಲಗೈಯಲ್ಲಿ ಎರಡು ನಾಯಿಗಳ ಹಗ್ಗ ಇತ್ತು, ಎತ್ತಲು ಬರುವಂತಿರಲಿಲ್ಲ.

ವಿಷಯವನ್ನು ಮುಂದೂಡಲಾಗಿದೆ.

ಇದರಲ್ಲಿ ನನಗೆ ಆದ ಅವಮಾನ ಕಡಿಮೆಯದಲ್ಲ. ಕಣ್ಣಾರೆ ಕಂಡಿದ್ದೇನೆ ಎಂದು ಓದಿ ಇನ್ನೂ ಕೂತಿರಲಿಲ್ಲ, ನಾಯಿ ಎದ್ದು ಸುಳ್ಳಿ ಎಂದಿತು. ಸಿಟ್ಟು ಬರಬೇಕಿತ್ತು. ನಾಳೆ ಬರಬಹುದು. ಸಭೆ ಮುಗಿದ ಮೇಲೆ ಫೊಮಿಚ್ ಓಡಿ ಬಂದ. ಕೃತಜ್ಞತೆ ಹೇಳುತ್ತಾನೇನೋ ಅಂದುಕೊಂಡೆ, ಹೇಳಲು ಕಾರಣವೇನೂ ಇಲ್ಲವಾದರೂ. ಅವನು ಕೇಳಿದ್ದು: "ಹಿಂದೆ ಯಾವತ್ತಾದ್ರೂ ಎತ್ತಿತ್ತಾ? ಇದೇ ಮೊದಲನೇ ಸಲವಾ?"

"ನೀವು ಬೂಟು ಹೊಲಿಯೋವಾಗ ಎತ್ತಿತ್ತು," ಎಂದೆ.

ಬಾಯಿ ತೆರೆದು ನಿಂತ. ಮೂರ್ಖ.

ಡಿಸೆಂಬರ್ ೯

ಅಜ್ಜಿಯ ಮಾತಿನಂತೆ ಮರುದಿನ ಬೆಳಿಗ್ಗೆಯದನ್ನೂ ಬರೆದು ಮುಗಿಸುತ್ತೇನೆ.

ಹಿಮ ಬಿದ್ದಿತ್ತು. ನಾಯಿಕೋಣೆಯ ಬಾಗಿಲಲ್ಲಿ ಉಸ್ತಿನ್ಯಾ ಎಲುಬಿನ ಬಕೆಟ್ ಹಿಡಿದು ಅಡ್ಡ ನಿಂತಿದ್ದಳು.

"ಏನ್ ತಾಯಿ, ನಿನ್ನೆ ಒಲೆ ಆರಿತ್ತು ಅಂದ್ಯಂತೆ ಎಲ್ಲರ ಹತ್ರ. ಬೆಳಿಗ್ಗೆ ನಾನೇ ಬರ್ಚ್ ಸೌದೆ ತುಂಬಿ ಹೊತ್ತಿಸಿದ್ದೆ. ಸಂಜೆ ಬಂದು ನೋಡಿದ್ರೂ ಕೆಂಡ ನಿಗಿನಿಗಿ ಅಂತಿತ್ತು."

"ಬೇರೆ ದಿನ ಇರಬೇಕು. ನಿಂಗೆ ವಯಸ್ಸಾಯ್ತು ಉಸ್ತಿನ್ಯಾ."

"ಆಯ್ತು ತಾಯಿ, ಆಯ್ತು," ಎಂದು ಹಲ್ಲಿಲ್ಲದ ಬಾಯಿ ಅಗಲಿಸಿದಳು. ಮುದುಕಿಗೆ ಮರೆವು.

ಊಟದ ಮನೆಗೆ ಹೋದರೆ ಸಾವಿನ ಮನೆ. ನಿನ್ನೆ ಬಿದ್ದು ಬಿದ್ದು ನಕ್ಕವರೆಲ್ಲ ಗಂಜಿಯ ಬಟ್ಟಲಲ್ಲಿ ಮುಖ ಹುದುಗಿಸಿದ್ದರು. ಮೂಲೆಯ ಮೇಜಿನಲ್ಲಿ ಸ್ತುಪಿನ್ ಒಬ್ಬನೇ ಕೂತು ಒಬ್ಬೊಬ್ಬರನ್ನೇ ದಿಟ್ಟಿಸುತ್ತಿದ್ದ, ಮೊದಲು ನಕ್ಕವರು ಯಾರೆಂದು ಅಳೆಯುವ ಕಣ್ಣು. ಅವನ ಎದುರಿಗೆ ಬಡಿಯಲು ಏನೂ ಇರಲಿಲ್ಲ, ಆದರೂ ಎಲ್ಲರ ಬಲಗೈಯೂ ಮೇಜಿನ ಕೆಳಗೆ ಇತ್ತು. ಎಡಗೈಯಲ್ಲಿ ಗಂಜಿ ಉಣ್ಣುತ್ತಿದ್ದರು. ಚಹಾದ ಲೋಟ ಹಬೆಯಾಡುತ್ತಿತ್ತು, ಸಕ್ಕರೆ ತಳದಲ್ಲಿ ಬೆಳ್ಳಗೆ ಕೂತಿತ್ತು, ಚಮಚಗಳು ಒಣಗಿದ್ದವು. ಗಾಜಿಗೆ ಚಮಚ ತಾಗಿದರೆ ಸದ್ದಾಗುತ್ತದೆ. ಸದ್ದಾದರೆ ಯಾರಿಗಾದರೂ ನಿನ್ನೆಯದು ನೆನಪಾಗಿ ನಗು ಬಂದರೆ? ಇಡೀ ಕೇಂದ್ರ ಕಲಕದ ಚಹಾ ಕುಡಿಯುತ್ತಿತ್ತು. ಅಜ್ಜಿಯ ಕಥೆಯ ಊರಿನ ಬರಿತಲೆಯವರೇ ವಾಸಿ, ಅವರ ಕಿವಿಗಾದರೂ ಗಾಳಿ ಬಿತ್ತು.

ಫೊಮಿಚ್ ಎಂದಿನ ಜಾಗದಲ್ಲಿದ್ದ. ಅವನೂ ಕಲಕಿರಲಿಲ್ಲ. ಅವನದು ಭಯವಲ್ಲ, ನನ್ನ ಅಪ್ಪಣೆ. ಅಕ್ಟೋಬರಿನಿಂದ ಒಂದು ದಿನವೂ ಮೀರಿಲ್ಲ.

ಎದುರಿಗೆ ಕೂತೆ. ಎರಡು ಚಮಚ ಸಕ್ಕರೆ ಹಾಕಿಕೊಂಡೆ. ಸಾಮಾನ್ಯವಾಗಿ ನಾನು ಸಕ್ಕರೆ ಹಾಕುವವಳಲ್ಲ. ಹಾಕಿದ ಮೇಲೆ ಕಲಕಲೇಬೇಕು, ಕಲಕದೆ ಕುಡಿಯುವವರು ದಡ್ಡರು. ಟಿಣ್ ಟಿಣ್ ಟಿಣ್. ಓಣಿಯ ಆ ತುದಿಯವರೆಗೂ ಕೇಳಿಸುವಂತೆ. ಮೇಜಿನ ಕೆಳಗೆ ಕೈಗಳು ಬಿಗಿದದ್ದು ಬೆಂಚಿನ ಅಲುಗಾಟದಲ್ಲೇ ತಿಳಿಯಿತು. ಸ್ತುಪಿನ್ನನ ಕುತ್ತಿಗೆ ಹೊರಗೆ ಬಂತು, ಅವನಿಗೂ ಕುತ್ತಿಗೆ ಇದೆ ಎಂದು ಇವತ್ತೇ ನೋಡಿದ್ದು.

"ನಾಯಿಗಳು?" ಎಂದು ಫೊಮಿಚ್ ಪಿಸುಗುಟ್ಟಿದ.

"ಪಂಜ ಎತ್ತಿಕೊಂಡಿರಲಿ. ಕುಡೀರಿ."

ಅವನು ಕಿವಿ ಕೆರೆದುಕೊಂಡು, ತನ್ನ ಚಮಚವನ್ನು ಲೋಟಕ್ಕೆ ಇಳಿಸಿದ. ಸ್ವಲ್ಪ ಹೊತ್ತು ನಮ್ಮಿಬ್ಬರದೇ ಸದ್ದು. ಆಮೇಲೆ ಕಿಟಕಿಯ ಬದಿಯ ಮೇಜಿನಿಂದ ಇನ್ನೊಂದು ಚಮಚ ಕೇಳಿಸಿತು. ಬಾಗಿಲ ಬಳಿ ಮತ್ತೊಂದು. ಯಾರೆಂದು ನಾನು ತಿರುಗಿ ನೋಡಲಿಲ್ಲ.

ಸಿಹಿ ಬೇಕೆನಿಸಿದವರು ಕಲಕಿಕೊಂಡರು, ಅಷ್ಟೇ. ಇದಕ್ಕೂ ಫೊಮಿಚ್ ಏನೋ ಒಂದು ಹೆಸರು ಇಡುತ್ತಾನೆ.